ನನ್ನ ಕಾಮಿಕ್ಸ್‌ನ ಊರಿಗೆ ನೀರು ಬಂದದ್ದು ಹೀಗೆ

ಮೊದಲ ಸಲ ಬರೆದ ಊರಿನ ಚಿತ್ರ ಇನ್ನೂ ನನ್ನ ಹತ್ತಿರ ಇದೆ. ಗೋಳಗುಮ್ಮಟ, ಅದರ ನೆತ್ತಿಯ ಮೇಲೆ ಆಂಟೆನಾ, ಆಕಾಶದಲ್ಲಿ ಎರಡು ಚಂದ್ರ. ಹುಟ್ಟಿ ಬೆಳೆದದ್ದು ವಿಜಯಪುರ, ಗುಮ್ಮಟ ಬರೆಯೋದು ಕೈಗೆ ಕೂತಿತ್ತು. ಆದರೆ ಆ ಊರಲ್ಲಿ ಜನ ಬಾಳುವೆ ಮಾಡುತ್ತಾರೆ ಅಂತ ಅನಿಸುತ್ತಲೇ ಇರಲಿಲ್ಲ. ಚಿತ್ರ ನೋಡಿದ ತಂಗಿ ಒಂದೇ ಮಾತು ಕೇಳಿದಳು: "ಇವರು ಕುಡಿಯೋ ನೀರು ಎಲ್ಲಿಂದ ತರ್ತಾರೆ?"

ನನ್ನ ಕಥೆ ನಡೆಯೋದು ಮಳೆ ಇಲ್ಲದ ಗ್ರಹದಲ್ಲಿ. ನೀರಿನ ಬಗ್ಗೆಯೇ ಯೋಚಿಸಿರಲಿಲ್ಲ.

ಉತ್ತರ ನಮ್ಮೂರಲ್ಲೇ ನಿಂತಿತ್ತು. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ ಅನ್ನೋ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರಗಳಿವೆ, ಗಂಜ್ ಅಂತಾರೆ. ನೀರು ಗೋಪುರದ ತೊಟ್ಟಿಗೆ ಏರುತ್ತಿತ್ತು, ಅಲ್ಲಿ ಅದರ ಒತ್ತಡ ಇಳಿಯುತ್ತಿತ್ತು, ಕೆಸರು ತಳಕ್ಕೆ ಕೂರುತ್ತಿತ್ತು. ತಿಳಿನೀರು ಮತ್ತೆ ಕೆಳಗಿಳಿದು ಮುಂದಕ್ಕೆ ಹೋಗುತ್ತಿತ್ತು. ಇಲ್ಲದಿದ್ದರೆ ಕೊಳವೆ ಒಡೆದೇ ಹೋಗುತ್ತಿತ್ತು. ಇವುಗಳ ಪಕ್ಕದಲ್ಲೇ ಸೈಕಲ್ ಹೊಡೆದು ಶಾಲೆಗೆ ಹೋದವನು ನಾನು.

ಈ ವ್ಯವಸ್ಥೆಯನ್ನು ಹಾಗೇ ಇಟ್ಟುಕೊಂಡೆ. ಒಂದೇ ಒಂದು ಬದಲಾಯಿಸಿದೆ: ನನ್ನ ಗ್ರಹದ ನೀರು ಬೆಳಗುತ್ತದೆ, ತೊಟ್ಟಿಯ ತಳಕ್ಕೆ ಕೂರುವುದು ಕೆಸರಲ್ಲ, ಬೆಳಕು. ಆಮೇಲೆ ಊರು ತಾನಾಗಿಯೇ ಬಿಚ್ಚಿಕೊಳ್ಳತೊಡಗಿತು. ಪ್ರತಿ ಗೋಪುರದಲ್ಲೂ ಸ್ವಲ್ಪ ಬೆಳಕು ಉಳಿದರೆ ಮುಂದಿನ ಓಣಿಗೆ ಮಂಕು ನೀರು ಹೋಗಬೇಕು, ಅಲ್ವಾ? ಹಾಗಾದರೆ ಸಿರಿವಂತರ ಮನೆ ಮೊದಲ ಗೋಪುರದ ಸುತ್ತ. ಕೊನೆಯ ಓಣಿಯವರಿಗೆ ಬೂದಿ ಬಣ್ಣದ ನೀರು. ರಾತ್ರಿ ತೊಟ್ಟಿಯಿಂದ ಬೆಳಕು ಗೋರಿ ಮಾರುವ ಹುಡುಗಿಯೇ ನನ್ನ ಕಥೆಯ ನಾಯಕಿಯಾದಳು. ಬಣ್ಣದ ಲೆಕ್ಕವೂ ಇದರಿಂದಲೇ ಸಿಕ್ಕಿತು. ನೀಲಿ ಗಾಢವಾಗಿದ್ದರೆ ಊರಿನ ಮೇಲ್ತುದಿ, ಬೂದಿಯಾದರೆ ಕೆಳತುದಿ. ಓದುಗರಿಗೆ ಜಾಗ ಯಾವುದು ಅಂತ ಬರೆದು ಹೇಳಬೇಕಾಗಿಲ್ಲ.

ಆದರೂ ಹನ್ನೊಂದನೇ ಪುಟದಲ್ಲಿ ಎಡವಿದೆ. ಒಂದು ಚೌಕದಲ್ಲಿ ಗೋಪುರ ಹುಡುಗಿಯ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ. ಓದಿದ ಗೆಳೆಯ ಅವಳು ವಾಪಸ್ ಹೊರಟಳು ಅಂತ ತಿಳಿದುಕೊಂಡ. ಅವತ್ತು ಪೆನ್ಸಿಲ್ ಕೆಳಗಿಟ್ಟು, ಚಿಕ್ಕವರಿದ್ದಾಗ ಚಕ್ಕಡಿ ಮಾಡುತ್ತಿದ್ದ ಹಾಗೆ ಜೋಳದ ದಂಟು ಸಿಗಿದು, ಬೆಂಡು ಚುಚ್ಚಿ, ಇಡೀ ಊರನ್ನು ರಟ್ಟಿನ ಮೇಲೆ ಕಟ್ಟಿದೆ. ಎರಡು ದಿನ ಹಿಡಿಯಿತು. ಈಗ ಯಾವ ಚೌಕ ಬರೆಯುವ ಮೊದಲೂ ಅದರ ಮುಂದೆ ಕಣ್ಣು ಮಟ್ಟಕ್ಕೆ ತಗ್ಗಿ ಕೂರುತ್ತೇನೆ, ಮೊಬೈಲ್ ಟಾರ್ಚ್ ಹಿಡಿದು ನೆರಳು ನೋಡುತ್ತೇನೆ. ಹುಡುಗಿಯ ಅಳತೆಗೆ ಒಂದು ಬೆಂಕಿಕಡ್ಡಿ ನಿಲ್ಲಿಸಿದ್ದೇನೆ. ಅದಿಲ್ಲದಿದ್ದರೆ ಗೋಪುರ ಎಷ್ಟು ಎತ್ತರ ಅನ್ನೋದೇ ತಿಳಿಯುವುದಿಲ್ಲ.

ಮೇಲಿಂದ ಕಾಣುವ ನೋಟಕ್ಕೆ ಉಪ್ಪಲಿ ಬುರುಜು ಹತ್ತಿದೆ. ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತವೆ. ಆ ಮೆಟ್ಟಿಲನ್ನು ನನ್ನ ಗೋಪುರಗಳಿಗೂ ಕೊಟ್ಟೆ. ನೀರು ಬೀಳುವ ಬಾಯಿಗೆ ಮಲಿಕ್-ಎ-ಮೈದಾನ್ ತೋಪಿನ ಸಿಂಹದ ಬಾಯಿ ಇಟ್ಟೆ. ಅದರ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆಯನ್ನು ಮಾತ್ರ ಬಿಟ್ಟೆ, ಅಷ್ಟು ಸಣ್ಣ ಚೌಕದಲ್ಲಿ ಅದು ಬರೀ ಮಸಿಯಾಗುತ್ತಿತ್ತು.

ಈಗ ಸುರಂಗದ ಅಧ್ಯಾಯ ಬರೆಯುತ್ತಿದ್ದೇನೆ. ಪುಟವೆಲ್ಲ ಕಪ್ಪು. ಗಾಳಿಗೆಂದು ಸುರಂಗದ ಮೇಲಿಂದ ತೋಡಿದ ಬಾವಿಗಳಿಂದ ಇಳಿಯುವ ಬೆಳಕಿನ ಒಂದೊಂದು ದುಂಡು ಮಾತ್ರ ಬಿಳಿ. ಹುಡುಗಿ ಒಂದು ದುಂಡಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆಯುತ್ತಾಳೆ. ಆರನೆಯದು ಅವಳಿಗೆ ಸಿಗುವುದಿಲ್ಲ.