ಇಬ್ಬನಿ ಆರಿದ ಮೇಲೆ ಉಣುಗು ಹಿಡಿದದ್ದು

ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಸೇರಿದ ವರ್ಷ ನನ್ನ ಪಾಲಿಗೆ ಬಂದ ಕೆಲಸ, ಸಾಗರ ತಾಲ್ಲೂಕಿನ ಕಾಡಂಚಿನಿಂದ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳು, ಹಿಡಿದು ತರುವುದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದರ ವೈರಸ್ಸನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಅದರ ನಿಂಫ್, ಅಂದರೆ ಎಳ್ಳಿಗಿಂತ ಚಿಕ್ಕ ಮರಿ.

ಸಲಕರಣೆ ಸರಳ: ಒಂದು ಮೀಟರ್ ಬಿಳಿ ಫ್ಲಾನಲ್ ಬಟ್ಟೆ, ಅದರ ತುದಿಗೆ ಕೋಲು, ಕೋಲಿಗೆ ಹಗ್ಗ. ದರಗಿನ, ಅಂದರೆ ಉದುರಿದ ಎಲೆಗಳ, ಮೇಲೆ ನಿಧಾನ ಎಳೆಯುತ್ತಾ ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡಬೇಕು. ಎಲೆಯ ಅಂಚಿನಲ್ಲಿ ಮುಂಗಾಲು ಚಾಚಿ ಕಾಯುವ ಉಣುಗು ಬಟ್ಟೆ ತಾಗಿದೊಡನೆ ಹತ್ತಿಕೊಳ್ಳುತ್ತದೆ.

ಜನವರಿಯ ಮೊದಲ ಮೂರು ದಿನ ಒಂದೂ ಹತ್ತಲಿಲ್ಲ. ಬಿಸಿಲಿಗೆ ಮೊದಲೇ ಮುಗಿಸೋಣವೆಂದು ಬೆಳಗಾಗುವಷ್ಟರಲ್ಲಿ ಹೊರಡುತ್ತಿದ್ದೆ. ಬಟ್ಟೆ ತೊಯ್ದು ತೊಪ್ಪೆಯಾಗುತ್ತಿತ್ತು. ಊರವರು ಸೊಪ್ಪು, ದರಗು ತರುವ ಸೊಪ್ಪಿನಬೆಟ್ಟಕ್ಕೆ ಬುಟ್ಟಿ ಹಿಡಿದು ಬಂದ ಅಜ್ಜಿಯೊಬ್ಬರು ನೋಡಿ ಹೇಳಿದರು: "ಇಬ್ಬನಿ ಆರ್ಲಿ ತಂಗಿ. ಒದ್ದೆ ದರಗಿಗೆ ನಾವೂ ಕೈ ಹಾಕಲ್ಲ."

ಹೊತ್ತೇರಿದ ಮೇಲೆ ಅವರು ದರಗು ಗುಡಿಸುವ ಜಾಗದ ಪಕ್ಕದಲ್ಲೇ ಎಳೆದೆ. ಮೊದಲ ಸಲ ಮಗುಚಿದಾಗಲೇ ಬಟ್ಟೆಯ ಮೇಲೆ ಕಂದು ಚುಕ್ಕಿಗಳು ನಡೆಯುತ್ತಿದ್ದವು. ಎದೆ ಝಲ್ಲೆಂದಿತು. ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕು. ಎಲೆ ಒಣಗಿದ ಹೊತ್ತಿಗೇ ಉಣುಗೂ ಮೇಲೆ ಬಂದು ಕಾಯುತ್ತದೆ. ಈ ಹೆಂಗಸರು ಬರಿಗೈಯಲ್ಲಿ ಬಾಚುವುದು ಆಗಲೇ.

ನಾನು ಮಾತ್ರ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ ಹೋಗುತ್ತಿದ್ದೆ. ಸಂಜೆ ಕಂಕುಳು, ಕಿವಿಯ ಹಿಂದೆ, ಮಂಡಿಯ ಸಂದು ಎಲ್ಲ ತಡಕಿ ನೋಡಿದ ಮೇಲೇ ಊಟ.

ಮೊದಲ ಕಂತನ್ನು ಆಲ್ಕೋಹಾಲಿಗೆ ಹಾಕಿಬಿಟ್ಟಿದ್ದೆ. ಜಾತಿ ಗುರುತಿಸಲು ಅದು ಸಾಕು, ಆದರೆ ಜೀವಂತ ವೈರಸ್ ಬೇಕಿದ್ದರೆ ಆ ಉಣುಗು ವ್ಯರ್ಥ. ಆಮೇಲಿಂದ ಒದ್ದೆ ಕಾಗದದ ಚೂರಿಟ್ಟ ಸೀಸೆಯಲ್ಲಿ ಜೀವಂತವಾಗಿಯೇ ತಂದೆ. ಮಂಜುಗಡ್ಡೆಯ ಮೇಲಿಟ್ಟ ತಟ್ಟೆಯಲ್ಲಿ, ಸೂಕ್ಷ್ಮದರ್ಶಕದಡಿ ಕಾಲು ಎಣಿಸುವುದು: ಆರಿದ್ದರೆ ಲಾರ್ವಾ (ನಿಂಫ್‌ಗಿಂತ ಹಿಂದಿನ ಹಂತದ ಮರಿ), ಎಂಟಿದ್ದರೆ ನಿಂಫ್ ಅಥವಾ ಬೆಳೆದದ್ದು. ವಿಂಗಡಿಸಿದ್ದು ಮೈನಸ್ 80 ಡಿಗ್ರಿಗೆ. ವೈರಸ್ ಪರೀಕ್ಷೆ ನಮ್ಮಲ್ಲಿ ಅಲ್ಲ, ಹೆಚ್ಚಿನ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲಿ.

ಆ ಬೆಟ್ಟದ ಉಣುಗುಗಳಲ್ಲಿ ವೈರಸ್ ಸಿಗಲಿಲ್ಲ. ಹೇಳಲು ನಾನೇ ಹೋದೆ. "ಹಿಡಿದದ್ದರಲ್ಲಿ ಇಲ್ಲ, ಅಷ್ಟೇ ಅಜ್ಜಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ" ಎಂದು ಎಣ್ಣೆಯ ಬಾಟಲಿ ಕೊಟ್ಟೆ. ಅವರು ಅದನ್ನು ಬುಟ್ಟಿಯ ಹಿಡಿಗೇ ಕಟ್ಟಿಕೊಂಡರು.