ಭೇಟಿಗೆ ಕೋರ್ಟ್ ಆದೇಶವಿದ್ದರೂ ಮಗುವನ್ನು ಕಳಿಸುತ್ತಿಲ್ಲವೇ? ದೂರು ಕೊಡುವುದು ಹೀಗೆ

ಬೇರೆಯಾದ ದಂಪತಿಯಲ್ಲಿ ಮಗು ಒಬ್ಬರ ಬಳಿ. ಇನ್ನೊಬ್ಬರು ಭಾನುವಾರ ಬೆಳಿಗ್ಗೆ 10ಕ್ಕೆ ಮಗುವನ್ನು ಕರೆದೊಯ್ಯಬಹುದು ಎಂದು ಆದೇಶ. ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಫೋನ್ ಸ್ವಿಚ್ ಆಫ್. ಆ ಸಿಟ್ಟಿನಲ್ಲಿ ಬಹಳಷ್ಟು ಜನ ನೇರ ಪೊಲೀಸ್ ಠಾಣೆಗೆ ಹೋಗಿ, ‘ಇದು ಸಿವಿಲ್ ವಿಷಯ, ಕೋರ್ಟಿಗೇ ಹೋಗಿ’ ಎಂದು ಹೇಳಿಸಿಕೊಂಡು ಬರುತ್ತಾರೆ. ಠಾಣೆಯವರ ಮಾತು ಬಹುಪಾಲು ಸರಿಯೇ. ಆದೇಶ ಕೊಟ್ಟ ಫ್ಯಾಮಿಲಿ ಕೋರ್ಟಿಗೇ ಮೊದಲು ಹೋಗಬೇಕು.

ಆದೇಶವನ್ನು ಇನ್ನೊಮ್ಮೆ ಓದಿ

ದೃಢೀಕೃತ ಪ್ರತಿ ತೆಗೆಸಿಕೊಂಡು ಒಂದೊಂದು ಸಾಲನ್ನೂ ನೋಡಿ. ಬಹಳಷ್ಟು ದೂರುಗಳು ಬಿದ್ದುಹೋಗುವುದು ಇಲ್ಲೇ. ‘ತಿಂಗಳಿಗೆ ಎರಡು ಬಾರಿ, ಇಬ್ಬರಿಗೂ ಅನುಕೂಲವಾದ ಸಮಯದಲ್ಲಿ’ ಎಂದು ಬರೆದಿದ್ದರೆ, ಎದುರಿನವರು ‘ಅವತ್ತು ಅನುಕೂಲವಿರಲಿಲ್ಲ’ ಎಂದರೆ ಮುಗಿಯಿತು, ಉಲ್ಲಂಘನೆ ಸಾಬೀತಾಗದು. ಇಂಥ ಆದೇಶ ಕೈಯಲ್ಲಿದ್ದರೆ ಶಿಕ್ಷೆ ಕೇಳಬೇಡಿ, ಸ್ಪಷ್ಟನೆ ಕೇಳಿ: ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಲ್ಲಿ, ಮಗುವನ್ನು ಯಾರು ತಂದು ಬಿಡಬೇಕು, ಜ್ವರ ಬಂದರೆ ಬದಲಿ ದಿನ ಯಾವುದು, ಶಾಲೆ ರಜೆ ಹೇಗೆ ಹಂಚಿಕೆ. ವಿಡಿಯೊ ಕರೆಯನ್ನೂ ಸೇರಿಸಿ. ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಭೇಟಿಯ ಜೊತೆಗೆ ಫೋನ್, ವಿಡಿಯೊ ಕರೆಯ ಸಂಪರ್ಕವೂ ಮಗುವಿಗೆ ಸಿಗಬೇಕು ಎಂದಿದೆ.

ತಪ್ಪಿದ ಭೇಟಿಯನ್ನು ಅವತ್ತೇ ಬರೆದಿಡಿ

ಕಳಿಸುವುದಿಲ್ಲ ಎಂದು ಮೊದಲೇ ಗೊತ್ತಿದ್ದರೂ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗಿ. ಇಲ್ಲದಿದ್ದರೆ ‘ಇವರೇ ಬರಲಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ‘ಆದೇಶದಂತೆ 10ಕ್ಕೆ ಬಂದೆ, 10.40ರವರೆಗೆ ಕಾದೆ, ಮಗು ಸಿಗಲಿಲ್ಲ’ ಎಂದು ಅಲ್ಲಿಂದಲೇ ಮೆಸೇಜ್ ಹಾಕಿ. ಅಷ್ಟೇ ಸಾಕು. ಅದರ ಕೆಳಗೆ ಎರಡು ಸಾಲು ಬೈಗುಳ ಸೇರಿಸಿದರೆ ಅದೇ ಸ್ಕ್ರೀನ್‌ಶಾಟ್ ನಿಮ್ಮ ವಿರುದ್ಧ ಕಡತ ಸೇರುತ್ತದೆ. ಜೊತೆಗೊಂದು ಪಟ್ಟಿ ಇರಲಿ: ದಿನಾಂಕ, ಸಮಯ, ಜಾಗ, ಯಾರಿದ್ದರು, ಏನು ಕಾರಣ ಹೇಳಿದರು.

ಮೆಸೇಜುಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಲಗತ್ತಿಸಿ. ಸಾಕ್ಷ್ಯದ ವಿಷಯದಲ್ಲಿ ಫ್ಯಾಮಿಲಿ ಕೋರ್ಟಿಗೆ ಸಡಿಲಿಕೆ ಇದೆ, ಆದರೂ ಅದನ್ನೇ ನಂಬಿ ಕೂರುವುದು ಬೇಡ. ಮಗುವನ್ನು ಕ್ಯಾಮೆರಾ ಮುಂದೆ ಕೂರಿಸಿ ‘ನಿಂಗೆ ಯಾರು ಬೇಕು?’ ಎಂದು ಕೇಳಿ ರೆಕಾರ್ಡ್ ಮಾಡಲೇಬೇಡಿ. ಹೇಳಿಕೊಟ್ಟು ಹೇಳಿಸಿದ್ದು ಎಂಬ ಅನುಮಾನ ನ್ಯಾಯಾಧೀಶರಿಗೆ ಬರುವುದು ಸಹಜ.

ಯಾವ ಅರ್ಜಿ?

ಮೂಲ ಪ್ರಕರಣ ಇನ್ನೂ ನಡೆಯುತ್ತಿದ್ದರೆ ಅದರಲ್ಲೇ ಮಧ್ಯಂತರ ಅರ್ಜಿ (ಪ್ರಕರಣ ಮುಗಿಯುವ ಮುನ್ನ ಹಾಕುವ ಅರ್ಜಿ). ಮುಗಿದಿದ್ದರೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 18ನೇ ಕಲಮಿನಡಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂಬ ಅರ್ಜಿ. ಈ ಕೋರ್ಟಿನ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ (ತೀರ್ಪಿನ ಆದೇಶ) ಬಲವಿದೆ, ಮಗು ಬೇರೆ ಊರಿಗೆ ಹೋಗಿದ್ದರೆ ಅಲ್ಲಿನ ಕೋರ್ಟಿಗೆ ಅಮಲ್ಜಾರಿಗೆ ಕಳಿಸಲೂ ಅವಕಾಶವಿದೆ. ಮಗು ದೊಡ್ಡದಾಗಿ ಹಳೆಯ ವೇಳಾಪಟ್ಟಿ ಹೊಂದದಿದ್ದರೆ ಮಾರ್ಪಾಡಿನ ಅರ್ಜಿ ಹಾಕಿ. ಮಗು ಯಾರ ಬಳಿ ಇರಬೇಕೆಂಬ ಸುಪರ್ದಿಯ ಆದೇಶ ಯಾವತ್ತೂ ಕಟ್ಟಕಡೆಯದಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅರ್ಜಿಯಲ್ಲಿ ‘ನ್ಯಾಯ ಕೊಡಿಸಿ’ ಎಂದು ಬರೆದರೆ ಸಾಲದು. ತಪ್ಪಿದ ನಾಲ್ಕು ಭೇಟಿಗೆ ಬದಲಾಗಿ ಬೇಸಿಗೆ ರಜೆಯಲ್ಲಿ ನಾಲ್ಕು ದಿನ, ಮಗುವಿನ ಹಸ್ತಾಂತರ ಮನೆಬಾಗಿಲ ಬದಲು ಮಧ್ಯಸ್ಥಿಕೆ ಕೇಂದ್ರದಲ್ಲಿ, ಆಪ್ತಸಮಾಲೋಚಕರಿಂದ ವರದಿ: ಹೀಗೆ ಬಿಡಿಬಿಡಿಯಾಗಿ ಕೇಳಿ.

ನ್ಯಾಯಾಂಗ ನಿಂದನೆ ಕೊನೆಯ ಅಸ್ತ್ರ. ಬೇಕೆಂದೇ ಆದೇಶ ಮುರಿದರು ಎಂದು ಹೈಕೋರ್ಟಿನಲ್ಲಿ ತೋರಿಸಬೇಕು, ಅದಕ್ಕೆ ಒಂದು ವರ್ಷದ ಗಡುವಿದೆ. ಆದೇಶವೇ ತಪ್ಪು ಎನಿಸಿದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ, ಆದರೆ ಮಧ್ಯಂತರ ಆದೇಶಕ್ಕೂ ಇಬ್ಬರೂ ಒಪ್ಪಿ ಪಡೆದ ಆದೇಶಕ್ಕೂ ಈ ಮೇಲ್ಮನವಿ ಇಲ್ಲ.

ಕೈಯಾರೆ ಕೆಡಿಸಿಕೊಳ್ಳುವುದು

ಭೇಟಿ ಸಿಗಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು. ಶಾಲೆಯ ಗೇಟಿನಿಂದ ಮಗುವನ್ನು ಕರೆದೊಯ್ಯುವುದು. ಇವೆರಡರಿಂದ ದೂರುದಾರರೇ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲುತ್ತಾರೆ. ಮಗುವನ್ನು ಇಟ್ಟುಕೊಂಡವರಿಗೂ ಇದೇ ಮಾತು: ಭೇಟಿಗೆ ಬರುವವರು ಕುಡಿದು ಬಂದರೆ ಅವತ್ತು ಕಳಿಸದಿರಬಹುದು, ಆದರೆ ಮರುದಿನವೇ ಕೋರ್ಟಿಗೆ ತಿಳಿಸಿ ಭೇಟಿ ತಡೆಹಿಡಿಯಲು ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದರೆ ಕಾರಣ ನಿಜವಾಗಿದ್ದರೂ ನೆಪದಂತೆ ಕಾಣುತ್ತದೆ.

‘ನಾನು ಹೋಗಲ್ಲ’ ಎಂದು ಮಗುವೇ ಹೇಳಿದರೆ? ತಿಳಿದು ಹೇಳುವ ವಯಸ್ಸಾಗಿದ್ದರೆ ಅದರ ಇಷ್ಟವನ್ನು ಪರಿಗಣಿಸಬಹುದು ಎನ್ನುತ್ತದೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಇಂತಿಷ್ಟೇ ವರ್ಷ ಎಂದು ಅದು ಹೇಳಿಲ್ಲ. ನ್ಯಾಯಾಧೀಶರು ಚೇಂಬರಿಗೆ ಕರೆದು ಮಗುವಿನ ಜೊತೆ ಮಾತಾಡಲಿ ಎಂದು ಕೇಳಿಕೊಳ್ಳಬಹುದು.

ವಕೀಲರ ಖರ್ಚು ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೂ ಮಕ್ಕಳಿಗೂ ಉಚಿತ ನೆರವು ಸಿಗಲು ಆದಾಯದ ಮಿತಿ ಅಡ್ಡಬರದು. ಮಗುವಿಗೆ ಹೊಡೆತ, ಕಿರುಕುಳದ ಅನುಮಾನವಿದ್ದರೆ ಅರ್ಜಿ, ವಾಯಿದೆ ಎಂದು ಕಾಯದೆ ತಕ್ಷಣವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.