ಬೋರ್ಡ್ ಬದಲಾಯಿಸಿದೆ, ಡೆಬಿಯನ್ ಮಾಯ

ಹಳೇ ಮದರ್‌ಬೋರ್ಡ್ ಸತ್ತುಹೋಯಿತು. ಹೊಸದು ಹಾಕಿ, ಅದೇ ಎಸ್‌ಎಸ್‌ಡಿ ಜೋಡಿಸಿ ಆನ್ ಮಾಡಿದರೆ ಡೆಬಿಯನ್ (ನನ್ನ ಲಿನಕ್ಸ್) ಬರಲೇ ಇಲ್ಲ, ಸೀದಾ ಬಯಾಸ್ ಸ್ಕ್ರೀನ್ ಬಂತು. ಡ್ರೈವ್‌ಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿ ಇದೆ, ಬೂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ!

ಡಿಸ್ಕ್ ಕೆಟ್ಟಿರಲಿಲ್ಲ. ಯುಇಎಫ್‌ಐನಲ್ಲಿ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಹೊಸ ಬಗೆಯ ಫರ್ಮ್‌ವೇರ್) 'ಡೆಬಿಯನ್ ಇಂಥ ಪಾರ್ಟಿಶನ್ನಿನ ಇಂಥ ಫೈಲಿನಲ್ಲಿದೆ' ಅನ್ನುವ ವಿಳಾಸ ಬೋರ್ಡಿನ ಪುಟ್ಟ ಶಾಶ್ವತ ಮೆಮೊರಿಯಾದ ಎನ್‌ವಿರ್‍ಯಾಮ್‌ನಲ್ಲಿ ಇರುತ್ತದೆ, ಡಿಸ್ಕಿನಲ್ಲಿ ಅಲ್ಲ. ಹಳೇ ಬೋರ್ಡಿನ ಜೊತೆ ಅದೂ ಹೋಯಿತು. ವಿಳಾಸ ಗೊತ್ತಿಲ್ಲದ ಫರ್ಮ್‌ವೇರ್, ಡಿಸ್ಕಿನಲ್ಲಿ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಶನ್ನಿನಲ್ಲಿ 'ಬೂಟ್' ಅನ್ನುವ ಫೋಲ್ಡರ್ ಒಂದನ್ನೇ ಹುಡುಕುತ್ತದೆ. ನನ್ನಲ್ಲಿ ಇದ್ದದ್ದು 'ಡೆಬಿಯನ್' ಫೋಲ್ಡರ್ ಮಾತ್ರ.

ಸರಿ, ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಲಿನಕ್ಸ್) ಹಾಕಿ ಬೂಟ್ ಮಾಡಿದೆ. ರೂಟ್ ಪಾರ್ಟಿಶನ್ ಮೌಂಟ್ ಮಾಡಿ, ಅದರೊಳಗೆ ಇಎಫ್‌ಐ ಪಾರ್ಟಿಶನ್ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಎಂಬ ಸಿಸ್ಟಂ ಡೈರೆಕ್ಟರಿ ಮೂರನ್ನೂ ಬೈಂಡ್ ಮಾಡಿ (ಅಲ್ಲೂ ಕಾಣುವಂತೆ ಮಾಡಿ) ಚ್ರೂಟ್ ಆದೆ, ಅಂದರೆ ಡಿಸ್ಕಿನಲ್ಲಿದ್ದ ಡೆಬಿಯನ್ನಿನೊಳಗೆ ಹೊಕ್ಕೆ. ಗ್ರಬ್ (ಡೆಬಿಯನ್ ಎಬ್ಬಿಸುವ ಬೂಟ್‌ಲೋಡರ್) ಇನ್‌ಸ್ಟಾಲ್ ಕೊಟ್ಟರೆ, ಆ ವಿಳಾಸ ಬರೆಯಲು ಬೇಕಾದ ಇಎಫ್‌ಐ ವೇರಿಯಬಲ್‌ಗಳೇ ಇಲ್ಲ ಅಂತ ದೂರು. ನೋಡಿದರೆ, ಸುಮ್ನೆ ಇರಲಾರದೆ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬಯಾಸ್ ರೀತಿಯಲ್ಲಿ, ಅಂದರೆ ಲೆಗಸಿಯಾಗಿ ಬೂಟ್ ಆಗಲು ಬಿಡುವ ಆಯ್ಕೆ) ಆನ್ ಮಾಡಿದ್ದೆ, ಯುಎಸ್‌ಬಿ ಲೆಗಸಿ ಮೋಡ್‌ನಲ್ಲಿ ಎದ್ದಿತ್ತು. (ಸಿಸ್ ಒಳಗಿನ ಫರ್ಮ್‌ವೇರ್ ಡೈರೆಕ್ಟರಿಯಲ್ಲಿ ಇಎಫ್‌ಐ ಅಂತ ಫೋಲ್ಡರ್ ಇದ್ದರೆ ಯುಇಎಫ್‌ಐ ಮೋಡ್, ಇಲ್ಲದಿದ್ದರೆ ಲೆಗಸಿ. ಮೊದಲೇ ನೋಡಬೇಕಿತ್ತು, ಅಲ್ವಾ.) ಸಿಎಸ್‌ಎಂ ಆಫ್ ಮಾಡಿ, ಎಲ್ಲ ಮತ್ತೆ ಮೊದಲಿಂದ ಮಾಡಿದರೂ ಅದೇ ದೂರು! ಈ ಸಲ ಕಾರಣ ಬೇರೆ. ಸಿಸ್ ಅನ್ನು ಬರೀ ಬೈಂಡ್ ಮಾಡಿದರೆ ಅದರೊಳಗೆ ಬೇರೆಯಾಗಿ ಮೌಂಟ್ ಆಗಿರುವ ಇಎಫ್‌ಐವಾರ್‌ಎಫ್‌ಎಸ್ (ಆ ವೇರಿಯಬಲ್‌ಗಳನ್ನು ತೋರಿಸುವ ಫೈಲ್‌ಸಿಸ್ಟಂ) ಜೊತೆಗೆ ಬರುವುದಿಲ್ಲ, ಚ್ರೂಟ್ ಒಳಗೆ ಅದನ್ನು ನಾವೇ ಮೌಂಟ್ ಮಾಡಬೇಕು. ಮಾಡಿದೆ. ಗ್ರಬ್ ತೆಪ್ಪಗೆ ಕೂತಿತು.

ಕೈಯಲ್ಲಿದ್ದಾಗಲೇ ಗ್ರಬ್‌ನ ಇನ್ನೊಂದು ಪ್ರತಿಯನ್ನು ಆ 'ಬೂಟ್' ಫೋಲ್ಡರಿಗೂ ಹಾಕಿಸಿದೆ. ಮುಂದೆ ಮತ್ತೆ ಬೋರ್ಡ್ ಹೋದರೂ ಫರ್ಮ್‌ವೇರ್ ತಾನೇ ಹುಡುಕಿಕೊಳ್ಳುತ್ತದೆ.

ಯಾವ ಪಾರ್ಟಿಶನ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಎಫ್‌ಎಸ್‌ಟ್ಯಾಬ್ ಫೈಲ್ ಮುಟ್ಟಲಿಲ್ಲ, ಅದರಲ್ಲಿ ಯುಯುಐಡಿ (ಬೋರ್ಡ್ ಬದಲಾದರೂ ಬದಲಾಗದ ಪಾರ್ಟಿಶನ್ ಗುರುತು) ಇದ್ದದ್ದರಿಂದ ತೊಂದರೆಯಾಗಲಿಲ್ಲ.

ಡೆಬಿಯನ್ ಎದ್ದ ಮೇಲೆ ನೆಟ್ ಇಲ್ಲ. ನೆಟ್‌ವರ್ಕ್ ಕಾರ್ಡಿನ ಹೆಸರು ಅದು ಬೋರ್ಡಿನಲ್ಲಿ ಕೂತ ಪಿಸಿಐ ಜಾಗದ ಮೇಲೆ ನಿಂತಿರುತ್ತದೆ ತಾನೆ, ಹೊಸ ಬೋರ್ಡಿನಲ್ಲಿ 'ಇಎನ್‌ಪಿ3ಎಸ್0' ಹೋಗಿ 'ಇಎನ್‌ಪಿ5ಎಸ್0' ಆಗಿತ್ತು. ಇಂಟರ್‌ಫೇಸಸ್ ಫೈಲಿನಲ್ಲಿ ಹೆಸರು ತಿದ್ದಿ ನೆಟ್‌ವರ್ಕಿಂಗ್ ರೀಸ್ಟಾರ್ಟ್ ಮಾಡಿದೆ, ಐಪಿ ಬಂತು.